ಬೋರ್ಡು ಕನ್ನಡವಾಯಿತು, ಬೀರು ತೆರೆಯುವವರಿಗೆ ಕಲಿಸುವವರು ಯಾರು?



2023ರ ಡಿಸೆಂಬರ್ 27 ನೆನಪಿದೆಯಲ್ಲವೇ? ಅಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ನೆಲ ಕಂಡವು. ನಮ್ಮ ಹುಡುಗರು ಜೈಲು ಕಂಡರು. ಮರುವರ್ಷ, 2024ರಲ್ಲಿ, ಕಾಯಿದೆಗೇ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಕಡ್ಡಾಯವಾಯಿತು. ಗೆದ್ದಿರಿ. ಬೇಡ ಅನ್ನುವವ ನಾನಲ್ಲ.

ಈಗ ನಿಮ್ಮನ್ನು ಇನ್ನೊಂದು ಬೋರ್ಡಿನ ಮುಂದೆ ನಿಲ್ಲಿಸುತ್ತೇನೆ. ಇದಕ್ಕೆ ಮಸಿ ಡಬ್ಬಿ ಬೇಡ, ಏಣಿಯೂ ಬೇಡ. ಶೇಕಡ ನೂರು ಕನ್ನಡ! ಪಟ್ಟಣವಾದರೆ 'ಸಾರ್ವಜನಿಕ ಗ್ರಂಥಾಲಯ' ಎಂದಿರುತ್ತದೆ, ಹಳ್ಳಿಯಾದರೆ 'ಅರಿವು ಕೇಂದ್ರ' ಎಂದಿರುತ್ತದೆ. ಬೋರ್ಡು ಕನ್ನಡದಲ್ಲೇ ಇರುವುದರಿಂದಲೋ ಏನೋ, ನಮ್ಮ ಚಳವಳಿಯವರು ಅದರ ಹೊಸ್ತಿಲು ದಾಟಿ ಒಳಗೆ ಇಣುಕುವ ಗೋಜಿಗೇ ಹೋಗುವುದಿಲ್ಲ. ನಾನೂ ಬಹಳ ವರ್ಷ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಾನು ಅಸುಂಡಿಯವನು. ಪ್ರೆಸ್ಸು ಗದಗಿನಲ್ಲಿ. ಊರಲ್ಲಿ ಬಸ್ಸು ಹತ್ತಿ ಎಲೆ-ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಗದಗ ಬರುತ್ತದೆ. ಹೀಗೇ ಒಂದು ದಿನ ಬೇರೊಂದು ಹಳ್ಳಿಗೆ ಬಾಕಿ ವಸೂಲಿಗೆ ಹೋಗಿದ್ದೆ. ಪಂಚಾಯ್ತಿಗೆ ವಹಿ ಅಚ್ಚು ಹಾಕಿ ಕೊಟ್ಟಿದ್ದೆ, ಬಿಲ್ಲು ಆಗಿರಲಿಲ್ಲ. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ನೋಟೀಸು ಹೋಗುವುದು ಮೇಲಿನವರಿಗಲ್ಲ, ಅಲ್ಲಿ ಕುಳಿತ ಒಬ್ಬ ಹೆಣ್ಣುಮಗಳಿಗೆ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಬರುವವರೆಗೆ ಪಕ್ಕದ ಲೈಬ್ರರಿಯಲ್ಲಿ ಕೂಡ್ರಿ ಅಂದರು. ಕುಳಿತೆ.

ಎರಡು ಬೀರು, ಒಂದು ಕಬ್ಬಿಣದ ರ‍್ಯಾಕು, ಗೋಡೆಗೆ ಒಂದು ಟಿ.ವಿ., ಮೂಲೆಯಲ್ಲಿ ಮುಸುಕು ಹಾಕಿದ ಕಂಪ್ಯೂಟರು. ನೆಲ ಸ್ವಚ್ಛ. ಪುಸ್ತಕಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದರು, ಪೊಲೀಸ್ ಪರೇಡಿನಲ್ಲಿ ನಿಲ್ಲಿಸುತ್ತಾರಲ್ಲ ಹಾಗೆ. ನೋಡಲು ಚಂದವೇ ಇತ್ತು. ಅಷ್ಟರಲ್ಲಿ ಸಾಲಿ ಅಂಗಿ ತೊಟ್ಟ ಒಂದು ಹುಡುಗಿ ಬಂದಳು. ಏಳನೆಯತ್ತೆ ಇರಬೇಕು.

"ಅಕ್ಕಾರ, ಚೆನ್ನವೀರ ಕಣವಿ ಅಜ್ಜಾರ ಪದ್ಯದ ಪುಸ್ತಕ ಐತೇನ್ರಿ?"

ನಮ್ಮ ಗದಗ ತಾಲ್ಲೂಕಿನ ಹೊಂಬಳದಲ್ಲಿ ಹುಟ್ಟಿದ ಕವಿ. ಈ ನೆಲದ ಮಗು ಆ ಕವಿಯ ಹೆಸರು ಹಿಡಿದು ಬಂದು ಕೇಳುತ್ತಿದೆ. ಇದಕ್ಕಿಂತ ದೊಡ್ಡ ರಾಜ್ಯೋತ್ಸವ ಬೇರೆ ಬೇಕೆ? ಮೇಲ್ವಿಚಾರಕಿ ಎದ್ದರು. ಮೊದಲ ಬೀರು ಹುಡುಕಿದರು, ಎರಡನೆಯದು ಹುಡುಕಿದರು. ವಹಿ ತೆಗೆದು 'ಕ' ನೋಡಿದರು, 'ಚ' ನೋಡಿದರು. "ಐತವ್ವಾ, ನನ್ನ ಕಣ್ಣೀಲೆ ನೋಡೀನಿ, ಎಲ್ಲೋ ಐತಿ" ಅಂದರು. ಹುಡುಗಿ ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಮೇಲೆ ನಿಂತು, ಸಾಲಿ ಗಂಟೆ ಹೊಡೆದದ್ದೇ ಓಡಿಹೋದಳು.

ಸಾಹೇಬರು ಬರುವ ಲಕ್ಷಣ ಇರಲಿಲ್ಲ. ನಾನೂ ಕೈಹಚ್ಚಿದೆ. ಅರ್ಧ ಗಂಟೆಯ ಮೇಲೆ ಪುಸ್ತಕ ಸಿಕ್ಕಿತು. ವಹಿಯಲ್ಲಿ ಅದು 'ಡ' ಅಕ್ಷರದ ಕೆಳಗೆ ಇತ್ತು. 'ಡಾ. ಚೆನ್ನವೀರ ಕಣವಿ' ಅಲ್ಲವೇ? ಅದರ ಹಿಂದಿನ ಸಾಲಿನಲ್ಲಿ ದನಗಳ ಕಾಲುಬಾಯಿ ಜ್ವರದ ಬಗ್ಗೆ ಒಬ್ಬ ಪಶುವೈದ್ಯ ಡಾಕ್ಟರು ಬರೆದ ಪುಸ್ತಕ. ಇಬ್ಬರೂ ಡಾಕ್ಟರೇ!

ನಗುತ್ತಲೇ ಕೇಳಿದೆ, "ಅಕ್ಕಾರ, ಟ್ರೇನಿಂಗ್ ಕೊಟ್ಟಿಲ್ಲೇನು ನಿಮಗ?"

"ಆಗೇತ್ರಿ ಅಣ್ಣಾರ. ಎರಡು ದಿನ ಹೋಗಿದ್ದೆ. ಪರದೆ ಮ್ಯಾಲೆ ಇಂಗ್ಲಿಷಿನ್ಯಾಗ ಏನೇನೋ ಬಂತು. ಊಟಾ ಚೊಲೊ ಇತ್ತು. ಪುಸ್ತಕಾ ಹೆಂಗ ಜೋಡಸ್ಬೇಕಂತ ಕೇಳ್ಬೇಕಂದೆ, ಅಷ್ಟೊತ್ತಿಗೆ ಸರ್ಟಿಫಿಕೇಟ್ ಹಂಚಾಕ ಹತ್ತಿದ್ರು."

ಫೈಲು ತಂದು ತೋರಿಸಿದರು. ಗಟ್ಟಿ ಹಾಳೆ, ಬಣ್ಣದ ಅಚ್ಚು. ಮುದ್ರಕನಾಗಿ ಹೇಳುತ್ತೇನೆ, ಅಚ್ಚು ಚೆನ್ನಾಗಿತ್ತು. ಒಳಗೆ 'ಸ್ಟೇಕ್‌ಹೋಲ್ಡರ್', 'ಔಟ್‌ರೀಚ್', 'ಕೆಪ್ಯಾಸಿಟಿ ಬಿಲ್ಡಿಂಗ್' ಇತ್ಯಾದಿ ಇಂಗ್ಲಿಷ್ ಪುರಾಣ. ಲೇಖಕನ ಹೆಸರಿನ ಮುಂದಿನ 'ಡಾ.' ಬಿಟ್ಟು ಬರೆದುಕೊಳ್ಳಿ ಎಂಬ ಒಂದು ಸಾಲು ಕನ್ನಡದಲ್ಲಿ ಇರಲಿಲ್ಲ. ಆ ಒಂದು ಸಾಲು ಇದ್ದಿದ್ದರೆ ಆ ಹುಡುಗಿ ಅಂದು ಪುಸ್ತಕ ಹಿಡಿದು ಮನೆಗೆ ಹೋಗುತ್ತಿದ್ದಳು.

ಆ ಅಕ್ಕನನ್ನು ಬೈಯಬೇಡಿ. ಕಸ ಹೊಡೆಯುವವರು ಅವರೇ, ಪತ್ರಿಕೆ ಜೋಡಿಸುವವರು ಅವರೇ, ವಹಿ ಬರೆಯುವವರು, ಮಕ್ಕಳಿಗೆ ಕತೆ ಹೇಳುವವರು, ಪಂಚಾಯ್ತಿಯವರು ಹೇಳಿದ ಸರ್ವೆಗೆ ಹೋಗುವವರು ಎಲ್ಲ ಅವರೇ. ನಮ್ಮ ನಾಡಿನ ಹಳ್ಳಿ ಗ್ರಂಥಾಲಯದ ಮೇಲ್ವಿಚಾರಕರು ವರ್ಷಗಟ್ಟಲೆ 'ಗೌರವಧನ' ಎಂಬ ಹೆಸರಿನ ಪುಡಿಗಾಸಿನಲ್ಲಿ ದುಡಿದವರು. ಕನಿಷ್ಠ ವೇತನ ಕೊಡಿ ಎಂದು ಬೆಂಗಳೂರಿಗೆ ಬಂದು ಧರಣಿ ಕುಳಿತವರು. ಅಂದು ಅವರ ಪಕ್ಕದಲ್ಲಿ ಎಷ್ಟು ಕನ್ನಡ ಸಂಘಟನೆಗಳ ಬಾವುಟ ಇದ್ದವು? ನೀವೇ ಲೆಕ್ಕ ಹಾಕಿ.

ಸ್ವಲ್ಪ ಚರಿತ್ರೆ ಕೇಳಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದದ್ದು 1965ರಲ್ಲಿ. ಗ್ರಂಥಾಲಯ ಇಲಾಖೆ ಹುಟ್ಟಿದ್ದು 1966ರ ನವೆಂಬರ್ 1ರಂದು, ಸರಿಯಾಗಿ ನಾಡಹಬ್ಬದ ದಿನ. ಹಳ್ಳಿಗಳ 5,600ಕ್ಕೂ ಹೆಚ್ಚು ಗ್ರಂಥಾಲಯಗಳನ್ನು 2019ರಲ್ಲಿ ಆ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಊರಿನ ಗ್ರಂಥಾಲಯ ಊರಿನ ಪಂಚಾಯ್ತಿಯದೇ ಆಗಲಿ ಎಂಬ ವಿಚಾರ ಕೆಟ್ಟದ್ದಲ್ಲ. ಕೊರೊನಾ ಕಾಲದಲ್ಲಿ ಶಾಲೆಗೆ ಬೀಗ ಬಿದ್ದಾಗ, 2020ರ ನವೆಂಬರ್ 14ರಂದು, 'ಓದುವ ಬೆಳಕು' ಎಂಬ ಕಾರ್ಯಕ್ರಮ ತಂದರು. ಹಳ್ಳಿಯ ಮಕ್ಕಳಿಗೆ ದುಡ್ಡಿಲ್ಲದೆ ಸದಸ್ಯತ್ವ. ಲಕ್ಷಗಟ್ಟಲೆ ಮಕ್ಕಳು ಸೇರಿದರು. ಕಲ್ಯಾಣ ಕರ್ನಾಟಕದ ಕಡೆ 'ಪುಸ್ತಕ ಜೋಳಿಗೆ' ಹಿಡಿದು ಮನೆಮನೆಯಿಂದ ಪುಸ್ತಕ ಕೂಡಿಸಿದರು. 'ಗ್ರಾಮ ಡಿಜಿ ವಿಕಸನ' ಎಂದು ಟಿ.ವಿ., ಫೋನು, ಕಂಪ್ಯೂಟರು ಬಂದವು. ಗೋಡೆಗಳಿಗೆ ಬಣ್ಣ ಬಂತು, ಚಿತ್ರ ಬಂತು. ಒಳ್ಳೆಯದನ್ನು ಒಳ್ಳೆಯದು ಅನ್ನೋಣ. ಸುಮ್ಮಸುಮ್ಮನೆ ಬೈಯಲು ಈ ಪುಟ ಇರುವುದಲ್ಲ.

ಆದರೆ ಗೋಡೆ ಬಂತು, ಯಂತ್ರ ಬಂತು, ಪುಸ್ತಕ ಬಂತು. ಇವನ್ನೆಲ್ಲ ಓದುಗನ ಕೈಗೆ ಮುಟ್ಟಿಸುವವರಿಗೆ ಆ ಕಸಬು ಕಲಿಸುವುದು ಮಾತ್ರ ಎರಡು ದಿನದ ಊಟ-ಫೈಲು-ಫೋಟೋದಲ್ಲಿ ಮುಗಿಯಿತು.

ಹೌದು, ಗ್ರಂಥಪಾಲನೆ ಒಂದು ಕಸಬು. ಪುಸ್ತಕ ಕಾಯುವ ಕೆಲಸ ಅಲ್ಲ. ಇದನ್ನು ನಮ್ಮವರು ಒಪ್ಪುವುದೇ ಇಲ್ಲ. "ಅಲ್ಲೇನ್ರಿ ಕೆಲಸ, ಫ್ಯಾನು ಹಾಕಿಕೊಂಡು ಕೂಡೋದು" ಅನ್ನುತ್ತಾರೆ. ನಮ್ಮ ತಂದೆಯ ಕಾಲದ ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುವ ಹುಡುಗನನ್ನು ಮೊದಲ ದಿನವೇ ಕೆಲಸಕ್ಕೆ ಕೂಡಿಸುತ್ತಿರಲಿಲ್ಲ. ಯಾವ ಅಕ್ಷರ ಯಾವ ಖಾನೆ, ಯಾವ ಒತ್ತು ಎಲ್ಲಿ, ಕಣ್ಣು ಮುಚ್ಚಿದರೂ ಕೈ ಅಲ್ಲಿಗೇ ಹೋಗಬೇಕು. ತಿಂಗಳುಗಟ್ಟಲೆ ಕಲಿಸಿದ ಮೇಲೆಯೇ ಲಗ್ನಪತ್ರಿಕೆ ಕೈಗೆ ಕೊಡುತ್ತಿದ್ದರು. ಒಂದು ಲಗ್ನಪತ್ರಿಕೆಗೆ ಅಷ್ಟು ಕಲಿಕೆ ಬೇಕಾದರೆ ಒಂದು ಊರಿನ ಓದಿಗೆ ಎಷ್ಟು ಬೇಕು?

ಅದೂ ಕನ್ನಡ ಪುಸ್ತಕ ಜೋಡಿಸುವುದು ಇಂಗ್ಲಿಷ್ ಪುಸ್ತಕ ಜೋಡಿಸಿದಷ್ಟು ಸಲೀಸಲ್ಲ. ಇಂಗ್ಲಿಷಿನಲ್ಲಿ ಅಡ್ಡಹೆಸರು ಮೊದಲು ಬರೆದರೆ ಆಯಿತು. ನಮ್ಮಲ್ಲಿ? ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರಿದೆ, 'ಕಣವಿ' ಎಂದೇ ಹುಡುಕುತ್ತೇವೆ. ಹಳೆ ಮೈಸೂರು ಕಡೆ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಎರಡಕ್ಷರದ ಇನಿಷಿಯಲ್ಲಿನಲ್ಲಿ ಅಡಗಿರುತ್ತವೆ. ಕೆ.ವಿ. ಪುಟ್ಟಪ್ಪ ಎಂದು ಬರೆದಿಟ್ಟರೆ ಕುವೆಂಪು ಎಂದು ಕೇಳಿಕೊಂಡು ಬಂದವನಿಗೆ ಸಿಗುವುದಿಲ್ಲ. ಬೇಂದ್ರೆಯವರು 'ದ'ದಲ್ಲೋ, 'ಬ'ದಲ್ಲೋ, ಅಂಬಿಕಾತನಯದತ್ತ ಎಂದು 'ಅ'ದಲ್ಲೋ? ಕೋಟ ಶಿವರಾಮ ಕಾರಂತರನ್ನು ಯಾವ ಮೂಲೆಯಲ್ಲಿ ಹುಡುಕಬೇಕು? ನಮ್ಮ ಕನ್ನಡ ಚಳವಳಿಯ ಹಿರಿಯಣ್ಣ ಅನಕೃ ಅವರನ್ನೇ ತೆಗೆದುಕೊಳ್ಳಿ. ಒಂದು ಗ್ರಂಥಾಲಯದಲ್ಲಿ 'ಅ', ಇನ್ನೊಂದರಲ್ಲಿ 'ಕೃಷ್ಣರಾಯ' ಎಂದು 'ಕ'. ಒಂದು ಹೆಸರಲ್ಲಿ ಪುಸ್ತಕ ಇಟ್ಟು, ಉಳಿದ ಹೆಸರುಗಳ ಕೆಳಗೆ 'ಅಲ್ಲಿ ನೋಡಿ' ಎಂದು ಒಂದೊಂದು ಚೀಟಿ ಹಾಕಿದರೆ ಮುಗಿಯಿತು. ಇದು ಒಂದು ಮುಂಜಾನೆಯ ಪಾಠ. ಆದರೆ ಕನ್ನಡ ಬಲ್ಲವನು ಕನ್ನಡದಲ್ಲಿ ಹೇಳಬೇಕಾದ ಪಾಠ.

ಇನ್ನು ಪುಸ್ತಕದ ಬೆನ್ನಿಗೆ ಅಂಟಿಸುವ ಅಂಕಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ ದಶಮಾಂಶ ಪದ್ಧತಿಯನ್ನೇ ನಮ್ಮಲ್ಲೂ ಹೆಚ್ಚಾಗಿ ಬಳಸುತ್ತಾರೆ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820. ಚಿಕ್ಕದು, ಚೊಕ್ಕದು. ಕನ್ನಡ ಸಾಹಿತ್ಯಕ್ಕೆ? 894.814! ಜಗತ್ತಿನ ಸಾಹಿತ್ಯವನ್ನೆಲ್ಲ ಹಂಚಿ ಮುಗಿಸಿ, ಕೊನೆಯಲ್ಲಿ ಉಳಿದವರ ಗುಂಪಿನ ಒಂದು ಸಂದಿಯಲ್ಲಿ ನಮಗೆ ಜಾಗ. ಪಂಪ, ಬಸವಣ್ಣ, ನಮ್ಮ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸ ಎಲ್ಲರೂ ಚುಕ್ಕೆಯ ಆಚೆ. ಸಾಹೇಬನಿಗೆ ಅವನ ಮನೆ ದೊಡ್ಡದಾಗಿ ಕಂಡಿತು, ಅದಕ್ಕೆ ಅವನನ್ನು ಬೈದು ಫಲವಿಲ್ಲ. ಆದರೆ ಕನ್ನಡ ಪುಸ್ತಕಗಳೇ ತುಂಬಿದ ಹಳ್ಳಿಯ ಬೀರುವಿನಲ್ಲಿ ಪ್ರತಿ ಪುಸ್ತಕದ ಬೆನ್ನಿಗೂ 894.814 ಎಂದು ಅಂಟಿಸಿದರೆ ಯಾವುದು ಯಾವುದರಿಂದ ಬೇರೆ ಆಯಿತು? ಅಲ್ಲಿ ಬೇಕಾದದ್ದು ಕತೆ, ಕಾದಂಬರಿ, ಕವನ, ನಾಟಕ, ವಚನ, ಒಕ್ಕಲುತನ, ಪರೀಕ್ಷೆ ಎಂಬ ಬಿಡಿ ಬಿಡಿ ಗುರುತು. ಅಂಕಿಯ ಗುಟ್ಟು ಗೊತ್ತಿದ್ದವನು ಮಾತ್ರ ಅಂಕಿಯನ್ನು ಎಲ್ಲಿ ಬಿಡಬಹುದು ಎಂದು ಹೇಳಬಲ್ಲ. ಎರಡು ದಿನ ಕಲಿತವನು ಕೊಟ್ಟದ್ದನ್ನು ಕಣ್ಣುಮುಚ್ಚಿ ಅಂಟಿಸುತ್ತಾನೆ.

ಕಂಪ್ಯೂಟರಿನ ಕತೆ ಇನ್ನೂ ಮೋಜಿನದು. ಒಮ್ಮೆ ನಮ್ಮ ಪ್ರೆಸ್ಸಿಗೆ ಒಂದು ಗ್ರಂಥಾಲಯದ ಪುಸ್ತಕಪಟ್ಟಿ ಅಚ್ಚಿಗೆ ಬಂತು. ಕನ್ನಡ ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದರು. ಎಚ್, ಎ, ಎರಡು ಎಲ್, ಐ. ಇದು ಹಳ್ಳಿಯೋ ಹಲ್ಲಿಯೋ? ಡಿ.ಟಿ.ಪಿ. ಮಾಡುವ ಹುಡುಗ ನನ್ನನ್ನು ಕೇಳಿದ, ನಾನು ಪಟ್ಟಿ ತಂದವರನ್ನು ಕೇಳಿದೆ, ಅವರು ತಲೆ ಕೆರೆದುಕೊಂಡರು. ಮರವೋ ಮಾರವೋ, ಬಳೆಯೋ ಬಾಳೆಯೋ, ದೇವರೇ ಬಲ್ಲ. ನಾಡಿನ ತುಂಬ ಇಂಥ ಪಟ್ಟಿಗಳಿದ್ದರೆ ಕನ್ನಡದ ಎಷ್ಟು ಪುಸ್ತಕಗಳು ಬೀರುವಿನಲ್ಲಿದ್ದೂ ಇಲ್ಲವಾಗಿವೆಯೋ ಯೋಚಿಸಿ.

ಕನ್ನಡದಲ್ಲೇ ಹೊಡೆದಿದ್ದಾರೆ ಅಂದುಕೊಳ್ಳಿ. ಅಲ್ಲಿಯೂ ಒಂದು ಗುಂಡಿ ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಹೊಡೆದ ಕನ್ನಡ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಹೊಟ್ಟೆಯಲ್ಲಿ ಅದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಈಗಿನ ಯೂನಿಕೋಡ್ ಕನ್ನಡದಲ್ಲಿ 'ಕಣವಿ' ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಫಾಂಟು ಬದಲಾಯಿಸಿ ನೋಡಿ ಎಂದು ಗೊತ್ತಿಲ್ಲದವರು 'ಪುಸ್ತಕ ಇಲ್ಲ' ಅಂದುಬಿಡುತ್ತಾರೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಸೌಲಭ್ಯ ಯಾವತ್ತೋ ಬಂದಿದೆ, ಕಾಸೂ ಕೊಡಬೇಕಾಗಿಲ್ಲ. ಪುಸ್ತಕದ ಲೆಕ್ಕ ಇಡಲು ಕೋಹಾ ಎಂಬ ಬಿಟ್ಟಿ ತಂತ್ರಾಂಶ ಇದೆ, ಸರ್ಕಾರದ್ದೇ ಇ-ಗ್ರಂಥಾಲಯ ಇದೆ, ಎರಡಕ್ಕೂ ಯೂನಿಕೋಡ್ ಕನ್ನಡ ಬರುತ್ತದೆ. ಒತ್ತಬೇಕಾದ ಬಟನ್ ಯಾವುದು ಎಂದು ಯಾರಾದರೂ ಪಕ್ಕದಲ್ಲಿ ಕುಳಿತು ತೋರಿಸಬೇಕು, ಅಷ್ಟೇ. ಮುಸುಕು ಹಾಕಿದ ಆ ಕಂಪ್ಯೂಟರು ಕಾಯುತ್ತಿರುವುದು ಅದಕ್ಕೇ.

ತರಬೇತಿಯಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಒಬ್ಬರ ಕತೆ ಹೇಳುತ್ತೇನೆ. ಮದ್ರಾಸಿನಲ್ಲಿ ಒಬ್ಬ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಆ ಕೆಲಸದ ಗಂಧಗಾಳಿ ಗೊತ್ತಿರಲಿಲ್ಲ, ಬೇಸರ ಬಂದು ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಕಲಿತು ಬರಲಿ ಎಂದು ಲಂಡನ್ನಿಗೆ ಕಳಿಸಿದರು. ಕಲಿತು ಬಂದವರು ಮುಂದೆ ಇಡೀ ಜಗತ್ತಿಗೆ ಗ್ರಂಥಾಲಯ ವಿಜ್ಞಾನ ಹೇಳಿಕೊಟ್ಟರು. ಅವರೇ ಎಸ್.ಆರ್. ರಂಗನಾಥನ್. ಡ್ಯೂಯಿಯ ಅಂಕಿಗೆ ಬದಲಾಗಿ ತಮ್ಮದೇ ವರ್ಗೀಕರಣ ಕಟ್ಟಿದರು. ಪುಸ್ತಕವನ್ನು ಬೀಗ ಹಾಕಿಡುವ ಚಾಳಿಯ ವಿರುದ್ಧ ಜೀವಮಾನವಿಡೀ ಹೋರಾಡಿದರು. ಕೊನೆಯ ವರ್ಷಗಳನ್ನು ಎಲ್ಲಿ ಕಳೆದರು ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರ ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು. ಅವರು ಕಟ್ಟಿದ ಕೇಂದ್ರದಲ್ಲಿ ಕಲಿತವರು ದೇಶವಿದೇಶದಲ್ಲಿ ದೊಡ್ಡ ಹುದ್ದೆಗೆ ಹೋದರು. ಅದೇ ರಾಜ್ಯದ ಹಳ್ಳಿಯ ಅಕ್ಕನಿಗೆ 'ಡಾ.' ಬಿಟ್ಟು ಬರೆಯಿರಿ ಎಂಬ ಪಾಠ ಇನ್ನೂ ಮುಟ್ಟಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಇದೇನು ಹೊಸ ಬೇಡಿಕೆಯೂ ಅಲ್ಲ. ಬರೋಡಾದ ಸಯ್ಯಾಜಿರಾವ್ ಗಾಯಕವಾಡ ಮಹಾರಾಜರು ಬೋರ್ಡನ್ ಎಂಬ ಅಮೆರಿಕನ್ನನ್ನು ಕರೆಸಿ 1911ರಲ್ಲೇ ಗ್ರಂಥಾಲಯದವರಿಗೆ ತರಬೇತಿ ತರಗತಿ ತೆರೆಸಿದ್ದರು. ನೂರು ವರ್ಷ ದಾಟಿತು. ಪಕ್ಕದ ಕೇರಳದಲ್ಲಿ ರಾಜ್ಯದ ಲೈಬ್ರರಿ ಕೌನ್ಸಿಲ್ಲೇ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸು ನಡೆಸುತ್ತದೆ. ಕಾಸರಗೋಡಿನ ವಿಷಯ ಬಂದಾಗ ಕೇರಳದ ಮೇಲೆ ಹರಿಹಾಯುವ ನಾವು ಈ ಒಂದು ವಿಷಯದಲ್ಲಿ ಅವರಿಂದ ಕಲಿಯಲು ನಾಚಿಕೆಪಡಬೇಕಾಗಿಲ್ಲ.

ನಮ್ಮಲ್ಲಿ ಈಗ ಹೊಸದಾಗಿ ಮೇಲ್ವಿಚಾರಕರನ್ನು ಕರೆಯುವಾಗ ಪಿಯುಸಿ ಜತೆಗೆ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟು, ಕಂಪ್ಯೂಟರು ಕಲಿತಿರಬೇಕು ಎನ್ನುತ್ತಾರೆ. ಸರಿಯೇ. ಆದರೆ ಇಪ್ಪತ್ತು ವರ್ಷದಿಂದ ಬಾಗಿಲು ತೆರೆಯುತ್ತ ಬಂದವರ ಗತಿ? ಅವರನ್ನು ಕಲಿಸುವ ಹೊಣೆ ಯಾರದು?

ಎಲ್ಲಿ ಕಲಿಸಬೇಕು ಎಂಬ ಪ್ರಶ್ನೆಯನ್ನು ನನ್ನ ಮುಂದೆ ಇಡಬೇಡಿ, ನಾನು ಗದಗಿನವ. ಮುದ್ರಣ ಕಾಶಿ ಎಂದು ಹೆಸರಾದ ಊರು ನಮ್ಮದು. ಪುಸ್ತಕ ಅಚ್ಚು ಹಾಕುವವರು, ಹೊಲಿಯುವವರು, ರಟ್ಟು ಕಟ್ಟುವವರು ಗದಗ-ಬೆಟಗೇರಿಯಲ್ಲಿ ಓಣಿ ಓಣಿಗೆ ಇದ್ದಾರೆ. ಹರಿದ ಪುಸ್ತಕಕ್ಕೆ ಬೆನ್ನು ಹಚ್ಚುವುದನ್ನು ಅವರು ಒಂದು ಮಧ್ಯಾಹ್ನದಲ್ಲಿ ಕಲಿಸುತ್ತಾರೆ. ಕೂಲಿ ಕೊಟ್ಟು ಕರೆದರೆ ಬರುತ್ತಾರೆ, ಸನ್ಮಾನ ಬೇಡ. ನೂರಾರು ಪುಸ್ತಕ ಪ್ರಕಟಿಸಿ 'ಪುಸ್ತಕದ ಸ್ವಾಮೀಜಿ' ಎನಿಸಿಕೊಂಡ, ಗೋಕಾಕ್ ಚಳವಳಿಗೆ ಬೆನ್ನೆಲುಬಾಗಿ ನಿಂತ ತೋಂಟದ ಸಿದ್ಧಲಿಂಗ ಸ್ವಾಮಿಗಳು 2018ರವರೆಗೆ ಬಾಳಿದ ಊರು ಇದು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಕಟ್ಟಿದ ವಿಶ್ವವಿದ್ಯಾಲಯ 2016ರಿಂದ ಇಲ್ಲೇ ಇದೆ. ನಾಗಾವಿಯಲ್ಲಿ ಅದರ ಕ್ಯಾಂಪಸ್ಸು. ಅಸುಂಡಿಯವರು ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ವಾಪಸು ಬರಬಹುದು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗ ಇದೆ. ಮೈಸೂರಿನಲ್ಲಿ ನಮ್ಮ 'ನೀರಸಾಬ್' ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆ ಪಂಚಾಯ್ತಿಯವರಿಗೆ ತರಬೇತಿ ಕೊಡಲೆಂದೇ ಇದೆ. ಕಟ್ಟಡಗಳಿಗೇನೂ ಬರವಿಲ್ಲ ಸ್ವಾಮಿ! 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ರೈತರಿಗೆ ಇಷ್ಟರಲ್ಲಿ ಒಂದು ಪಾಲೂ ಇರಲಿಲ್ಲ.

ಇಲ್ಲದಿರುವುದು ಮೂರು ಕಾಸಿನ ಮುಂದಾಲೋಚನೆ. ಹಳ್ಳಿಯ ಗ್ರಂಥಾಲಯದಲ್ಲಿ ಇರುವುದು ಒಬ್ಬರೇ. ಅವರು ತರಬೇತಿಗೆ ಹೋದರೆ ಬಾಗಿಲಿಗೆ ಬೀಗ. ಮೂರು ದಿನ ಬೀಗ ಬಿದ್ದರೆ ಊರವರು ಬೈಯುತ್ತಾರೆ, ಆರು ದಿನವಾದರೆ ಅರ್ಜಿ ಹಾಕುತ್ತಾರೆ. ಹೀಗಾಗಿ ಅವರೂ "ಎರಡು ದಿನ ಸಾಕ್ರಿ" ಅನ್ನುತ್ತಾರೆ, ಅಧಿಕಾರಿಗೂ ಅಷ್ಟೇ ಬೇಕು. ಬದಲಿಗೆ ಊರಿನ ಓದಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ದಿನಗೂಲಿ ಕೊಟ್ಟು ಕೂಡಿಸಿದರೆ ಏನು ಖರ್ಚು? ತಿಂಗಳಿಗೊಂದು ದಿನ, ವರ್ಷಕ್ಕೆ ಹನ್ನೆರಡು ದಿನ, ತಾಲ್ಲೂಕಿನ ಊರಲ್ಲೇ, ಕನ್ನಡದಲ್ಲೇ, ಕೈಗೆ ಪುಸ್ತಕ ಕೊಟ್ಟು ಮಾಡಿಸಿ ಕಲಿಸಿ. ಬಸ್ ಚಾರ್ಜು ಕೊಡಿ. ಕಲಿತವರಿಗೆ ಸಂಬಳದಲ್ಲಿ ನಾಲ್ಕು ಕಾಸು ಹೆಚ್ಚಿಗೆ ಕೊಡಿ. ಇಲ್ಲದಿದ್ದರೆ ಯಾಕೆ ಕಲಿಯಬೇಕು? ಬರೀ ಕನ್ನಡ ಪ್ರೇಮದ ಮೇಲೆ ಹೊಟ್ಟೆ ತುಂಬುವುದಿಲ್ಲ.

ದುಡ್ಡು ಎಲ್ಲಿಂದ ಎನ್ನುತ್ತಾರೆ ಅಧಿಕಾರಿಗಳು. ಇಲ್ಲಿ ನಿಮ್ಮ ಕೆಲಸ ಶುರು, ಪಟ್ಟಣದ ಗೆಳೆಯರೇ. ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಅದರಲ್ಲಿ ಆರೋಗ್ಯ ಕರ, ಭಿಕ್ಷುಕರ ಕರ ಇವುಗಳ ಸಾಲಿನಲ್ಲೇ 'ಗ್ರಂಥಾಲಯ ಕರ' ಎಂದು ಇರುತ್ತದೆ. ತೆರಿಗೆಯ ರೂಪಾಯಿಗೆ ಆರು ಪೈಸೆ. ನಿಮ್ಮಿಂದ ವಸೂಲಿ ಮಾಡಿದ ಈ ಕರವನ್ನು ಗ್ರಂಥಾಲಯಕ್ಕೆ ಕಟ್ಟದೆ ಹಿಂದಿನ ಬಿಬಿಎಂಪಿ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕರ ಕೊಟ್ಟವರು ನೀವು, ಕೇಳುವ ಹಕ್ಕು ನಿಮ್ಮದು. ಆ ಆರು ಪೈಸೆಯಲ್ಲಿ ಇಂತಿಷ್ಟು ಸಿಬ್ಬಂದಿಯ ಕಲಿಕೆಗೇ ಮೀಸಲು ಎಂದು ಬರೆಸಿಕೊಳ್ಳುವವರೆಗೆ ಬಿಡಬಾರದು.

ಮೊಬೈಲ್ ಇರುವಾಗ ಗ್ರಂಥಾಲಯ ಯಾರಿಗೆ ಬೇಕು ಎಂದು ಕೇಳುವ ಜಾಣರಿಗೆ ನನ್ನ ಉತ್ತರ ಇಷ್ಟೇ: ಯಾವುದಾದರೂ ಪಟ್ಟಣದ ಗ್ರಂಥಾಲಯಕ್ಕೆ ಬೆಳಿಗ್ಗೆ ಹೋಗಿ ಕುರ್ಚಿ ಸಿಗುತ್ತದೆಯೇ ನೋಡಿ. ಬುತ್ತಿ ಕಟ್ಟಿಕೊಂಡು ಬಂದು ಸಂಜೆಯವರೆಗೆ ಕೂಡುವ ಹುಡುಗ-ಹುಡುಗಿಯರು. ಪಿಡಿಓ, ಪೊಲೀಸು, ಕೆಎಎಸ್ ಕನಸು. 2024ರ ಆಗಸ್ಟ್ 27ರ ಕೆಪಿಎಸ್‌ಸಿ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಂಥ ಗಬ್ಬು ಎದ್ದಿತ್ತು, ನಾವೆಲ್ಲ ಹೋರಾಡಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿಸಿದರೂ ಮತ್ತೆ ತಪ್ಪುಗಳು ಹೇಗೆ ಬಂದವು ಎಂಬುದು ನಿಮಗೆ ನೆನಪಿರಬೇಕು. ಕನ್ನಡದಲ್ಲಿ ಬರೆಯುವ ಆ ಹುಡುಗರಿಗೆ ಪ್ರಶ್ನೆಪತ್ರಿಕೆ ಸರಿ ಇದ್ದರಷ್ಟೇ ಸಾಲದು. ಓದಲು ಕನ್ನಡದ ಪುಸ್ತಕ ಯಾವುದಿದೆ, ಕನ್ನಡ ವಿಶ್ವಕೋಶ ಯಾವ ಬೀರುವಿನಲ್ಲಿದೆ, ಸರ್ಕಾರದ ಗ್ಯಾಜೆಟಿಯರು ಎಲ್ಲಿದೆ ಎಂದು ಕೈ ಹಿಡಿದು ತೋರಿಸುವವರು ಬೇಕು. ಇಂಗ್ಲಿಷಿನವನಿಗೆ ಕೋಚಿಂಗ್ ಸೆಂಟರು ಇದೆ, ದುಡ್ಡಿದೆ. ನಮ್ಮವನಿಗೆ ಇರುವುದು ಆ ಮೇಜಿನ ಆಚೆ ಕುಳಿತವರು ಒಬ್ಬರೇ.

ನಮ್ಮ ತಪ್ಪನ್ನೂ ಬರೆಯುತ್ತೇನೆ. ಪ್ರತಿ ನವೆಂಬರಿನಲ್ಲಿ ನನ್ನ ಪ್ರೆಸ್ಸಿನಲ್ಲಿ ಕನ್ನಡ ಸಂಘಗಳ ಹ್ಯಾಂಡ್‌ಬಿಲ್ಲು, ರಸೀದಿ ಬುಕ್ಕು, ಆಮಂತ್ರಣಗಳ ರಾಶಿ. ನನ್ನ ದೀಪಾವಳಿ ಅದರಲ್ಲೇ ನಡೆಯುತ್ತದೆ. ಆರ್ಕೆಸ್ಟ್ರಾ, ಮೆರವಣಿಗೆ, ಶಾಲು, ಪೇಟ. ಇಷ್ಟು ವರ್ಷದಲ್ಲಿ 'ನಮ್ಮ ಊರಿನ ಗ್ರಂಥಾಲಯದವರಿಗೆ ತರಬೇತಿ ಕೊಡಿ' ಎಂಬ ಒಂದು ಹ್ಯಾಂಡ್‌ಬಿಲ್ಲು ಅಚ್ಚಿಗೆ ಬಂದಿಲ್ಲ. ಬಂದಿದ್ದರೆ ಬಿಟ್ಟಿ ಹಾಕಿಕೊಡುತ್ತಿದ್ದೆ.

ಈ ಸಲ ಹೀಗೆ ಮಾಡಿ. ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಯವರ ಜತೆ ಜಗಳಕ್ಕಲ್ಲ, ಚಾ ಕುಡಿಯಲು ಕುಳಿತುಕೊಳ್ಳಿ. ತರಬೇತಿ ಯಾವಾಗ ಆಗಿತ್ತು, ಯಾವ ಭಾಷೆಯಲ್ಲಿ ಆಗಿತ್ತು, ಏನು ಕಲಿಯಬೇಕು ಅನಿಸುತ್ತದೆ, ಕೇಳಿ ಬರೆದುಕೊಳ್ಳಿ. ಅವರ ಹೆಸರು ಬರೆಯಬೇಡಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ, ಕನ್ನಡದಲ್ಲೇ, ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರದ ಹಾಗೆ, ಒಂದು ಅರ್ಜಿಗೆ ಒಂದೇ ವಿಷಯ. ಕಳೆದ ಮೂರು ವರ್ಷದಲ್ಲಿ ಗ್ರಂಥಾಲಯ ಸಿಬ್ಬಂದಿಗೆ ಎಷ್ಟು ದಿನ ತರಬೇತಿ ಕೊಟ್ಟಿರಿ, ಎಷ್ಟು ಖರ್ಚಾಯಿತು, ಕೊಟ್ಟ ಕೈಪಿಡಿಯ ಪ್ರತಿ ಕೊಡಿ. ಆ ಕೈಪಿಡಿ ಬಂದರೆ ನನಗೆ ಕಳಿಸಿ. ಇಂಗ್ಲಿಷಿನಲ್ಲಿದ್ದರೆ ಇದೇ ಪುಟದಲ್ಲಿ ಅದರ ಮುಖಪುಟ ಅಚ್ಚು ಹಾಕುತ್ತೇನೆ. ಕನ್ನಡದಲ್ಲಿದ್ದು ಚೆನ್ನಾಗಿದ್ದರೆ ಬರೆದವರಿಗೆ ಶಹಬ್ಬಾಸ್ ಎಂದೂ ಹಾಕುತ್ತೇನೆ.

ಇನ್ನೊಂದು. ಕಣವಿಯವರ ಪುಸ್ತಕ ಸಿಕ್ಕ ದಿನ ಗದಗಿಗೆ ವಾಪಸು ಬಂದವನೇ ಅ ಇಂದ ಳ ವರೆಗೆ ಬೀರುವಿಗೆ ಅಂಟಿಸುವ ದಪ್ಪ ಅಕ್ಷರದ ಪಟ್ಟಿ, 'ಕತೆ', 'ಕವನ', 'ನಾಟಕ', 'ವಚನ', 'ಒಕ್ಕಲುತನ' ಎಂಬ ಗುರುತಿನ ಚೀಟಿ, 'ಅಲ್ಲಿ ನೋಡಿ' ಚೀಟಿ, ಎಲ್ಲ ಸೇರಿಸಿ ಒಂದು ಕಟ್ಟು ಅಚ್ಚು ಮಾಡಿದೆ. ಜತೆಗೆ ಎರಡು ಪುಟದ ಒಂದು ಹಾಳೆ, ಲೇಖಕರ ಹೆಸರು ಹೇಗೆ ಬರೆಯಬೇಕು ಎಂಬುದರ ಮೇಲೆ. ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದಿದ ಗೆಳೆಯರೊಬ್ಬರು ತಿದ್ದಿಕೊಟ್ಟರು. ಮೊದಲ ಕಟ್ಟನ್ನು ಆ ಅಕ್ಕನಿಗೆ ಮುಟ್ಟಿಸಿದೆ. ಪಂಚಾಯ್ತಿಯ ಬಿಲ್ಲು ಇನ್ನೂ ಆಗಿಲ್ಲ, ಅದಿರಲಿ. ಯಾವ ಸಂಘದವರು ತಮ್ಮ ಊರಿನ ಗ್ರಂಥಾಲಯಕ್ಕೆ ಈ ಕಟ್ಟು ಒಯ್ದು, ಒಂದು ಭಾನುವಾರ ಅಲ್ಲಿಯವರ ಜತೆ ಕುಳಿತು ಜೋಡಿಸಿಕೊಡುತ್ತಾರೋ ಅವರು ಬಂದು ತೆಗೆದುಕೊಂಡು ಹೋಗಬಹುದು. ಕಾಗದದ ಖರ್ಚು ನಿಮ್ಮದು, ಅಚ್ಚು ನಮ್ಮದು. ಭಾನುವಾರ ಬಿಟ್ಟು ಯಾವ ದಿನವಾದರೂ ಬನ್ನಿ, ರಾತ್ರಿ ಎಂಟರವರೆಗೆ ಪ್ರೆಸ್ಸು ತೆರೆದಿರುತ್ತದೆ.